ಮುನ್ನೂರ ಹನ್ನೆರಡು ಗಣಪತಿಗಳಿಗೊಂದು ಗ್ರಾಫಿಕ್ಸ್ ಕಾರ್ಡು

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೆ ಎಂಟಡಿ ಜಾಗವಿದೆ. ಅಲ್ಲೇ ಇಪ್ಪತ್ತಾರು ವರ್ಷದಿಂದ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ತಿಥಿ ಕಾರ್ಡು, ಬಾಡಿಗೆ ಕರಾರು, ನಾಗರಬಾವಿಯ ಲಾ ಕಾಲೇಜಿನ ಹುಡುಗಿಯರ ಪ್ರಾಜೆಕ್ಟು, ಹೀಗೆ ಊರಿನ ಸುಖದುಃಖವೆಲ್ಲ ನನ್ನ ಬೆರಳ ತುದಿಯಿಂದ ಹಾದು ಹೋಗಿದೆ. ಹೆಸರು ಕುಸುಮಾ ಅಂತ ಇದ್ದರೂ ಬೀದಿಯಲ್ಲಿ ನನ್ನನ್ನು ಕರೆಯುವುದು ಕಂಪ್ಯೂಟರ್ ಆಂಟಿ ಎಂದು. ಯಾರ ಮನೆಯ ಪ್ರಿಂಟರ್ ಕೆಟ್ಟರೂ, ಯಾರ ಫೋನಿನಲ್ಲಿ ಫೋಟೋ ಕಾಣೆಯಾದರೂ ನನ್ನನ್ನೇ ಕೇಳುತ್ತಾರೆ. ನನಗೆ ಗೊತ್ತಿದ್ದದ್ದು ಪುಟ ಕಟ್ಟುವ ಒಂದು ಹಳೆಯ ಸಾಫ್ಟ್‌ವೇರು ಮತ್ತು ಕನ್ನಡದ ಒಂದು ಕೀಲಿಮಣೆ, ಅಷ್ಟೇ. ಆದರೆ ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಯಾವತ್ತೂ ಬಂದಿಲ್ಲ. "ನೋಡೋಣ, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅನ್ನುತ್ತೇನೆ. ನೂರಕ್ಕೆ ಅರವತ್ತು ಸಲ ಅದೇ ಸರಿಹೋಗುತ್ತದೆ. ಇಷ್ಟು ವರ್ಷ ನನ್ನ ಮರ್ಯಾದೆ ನಿಂತಿದ್ದು ಆ ಅರವತ್ತರ ಮೇಲೆ.

ನಲವತ್ತಾರು ದಾಟಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ಜನ ಬರೆದುಕೊಂಡು ಬರುವ ಚೀಟಿಗಳ ಅಕ್ಷರ ಸಣ್ಣದಾಗುತ್ತಾ ಹೋಯಿತು. ಈಗಿನವರಿಗೆ ಕೈಬರಹವೇ ಬರುವುದಿಲ್ಲ ಎಂದು ಬೈದುಕೊಂಡೆ. ಚೀಟಿಯನ್ನು ದೂರ ಹಿಡಿದರೆ ಕಾಣುತ್ತಿತ್ತು, ಹಾಗಾಗಿ ದೂರ ಹಿಡಿದೆ. ಕೈ ಸಾಲದಾದಾಗ ಅಂಗಡಿಯ ಲೈಟೇ ಸರಿಯಿಲ್ಲ ಎಂದು ತೀರ್ಮಾನಿಸಿದೆ. ನನ್ನ ಗಂಡ ಭೈರೇಶ್ ಕೆಂಗೇರಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್. ಮೂರು ವರ್ಷದಲ್ಲಿ ಅವರ ಕೈಲಿ ನಾಲ್ಕು ಸಲ ಹೊಸ ಟ್ಯೂಬ್‌ಲೈಟ್ ಹಾಕಿಸಿದೆ. ನಾಲ್ಕನೇ ಸಲ ಸ್ಟೂಲಿನ ಮೇಲೆ ನಿಂತುಕೊಂಡೇ ಅವರು ಕೇಳಿದರು, "ಇನ್ನೂ ಜಾಸ್ತಿ ಬೆಳಕು ಬೇಕು ಅಂದ್ರೆ ಕಂಠೀರವ ಸ್ಟೇಡಿಯಂ ಲೈಟ್ ತರ್ಬೇಕು ಕಣೇ. ಒಂದ್ಸಲ ಕಣ್ಣು ತೋರ್ಸ್ಕೋಬಾರ್ದಾ?"

"ನನ್ ಕಣ್ಣಿಗೇನಾಗಿದೆ ರೀ? ಆ ತುದೀಲಿ ಬರೋ ಬಸ್ಸಿನ ನಂಬರ್ ಇಲ್ಲಿಂದ ಓದ್ತೀನಿ," ಅಂದೆ. ಅದು ನಿಜವಾಗಿತ್ತು. ಬಸ್ಸಿನ ನಂಬರನ್ನು ಟೈಪ್ ಮಾಡಿಸಲು ಯಾರೂ ತರುತ್ತಿರಲಿಲ್ಲ ಎಂಬುದೊಂದೇ ತೊಂದರೆ.

ನಲವತ್ತು ದಾಟಿದವರ ಕನ್ನಡಕಕ್ಕೆ ಹೇಳುವ ಚಾಳೀಸು ಎಂಬ ಪದವನ್ನು ಕೇಳಿದರೇ ನನಗೆ ಆಗುತ್ತಿರಲಿಲ್ಲ. ನಮ್ಮತ್ತೆಯ ಕನ್ನಡಕದ ಕಾಲಿಗೆ ದಾರ ಕಟ್ಟಿದ್ದು, ಅದು ಎದೆಯ ಮೇಲೆ ನೇತಾಡುತ್ತಿದ್ದದ್ದು ಕಣ್ಣ ಮುಂದೆ ಬರುತ್ತಿತ್ತು. ಕಂಪ್ಯೂಟರ್ ಆಂಟಿ ಕಂಪ್ಯೂಟರ್ ಅಜ್ಜಿ ಆಗುವುದಕ್ಕೆ ಒಂದು ದಾರ ಸಾಕು.

ಹೀಗಿರುವಾಗ ಹೋದ ವರ್ಷ ಶ್ರಾವಣದಲ್ಲಿ ವಚನಾ ಅಂತ ಒಬ್ಬರು ಅಂಗಡಿಗೆ ಬಂದರು. ಬ್ಯಾಂಕಿನಲ್ಲಿ ಕೆಲಸ, ಮನೆ ನಾಗರಬಾವಿಯಲ್ಲಿ. ಅವರ ತಾಯಿ ಜಗದಾಂಬಾ ರಾಣೆಬೆನ್ನೂರಿನಲ್ಲಿ ಟೀಚರಾಗಿದ್ದವರಂತೆ, ಈಗ ಎಪ್ಪತ್ನಾಲ್ಕು. ಆ ಊರಿನ ಕಡೆಯ ಚಟ್ನಿಪುಡಿ, ಉಪ್ಪಿನಕಾಯಿ, ಸಂಡಿಗೆಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಬೇಕು ಎಂಬುದು ಆ ತಾಯಿಯ ಹಟ.

"ಅಮ್ಮಂಗೆ ಕಣ್ಣು ಹೆಚ್ಚುಕಮ್ಮಿ ಹೋಗಿದೆ. ಬರೆಯೋಕಾಗಲ್ಲ, ಹೇಳ್ತಾರೆ. ಯಾರಾದ್ರೂ ಮನೆಗೇ ಬಂದು ಕೂತ್ಕೊಂಡು ಟೈಪ್ ಮಾಡ್ಬೇಕು. ನಿಮ್ಮ ಹತ್ರ ಲ್ಯಾಪ್‌ಟಾಪ್ ಇದೆಯಲ್ವಾ?" ಎಂದು ವಚನಾ ಕೇಳಿದರು.

"ಇದೆ, ಸರ್ವೀಸಿಗೆ ಕೊಟ್ಟಿದೀನಿ," ಅಂದೆ. ಇರಲಿಲ್ಲ. ನನ್ನ ಬಳಿ ಇದ್ದದ್ದು ಮೇಜಿನಷ್ಟೇ ವಯಸ್ಸಾದ ಒಂದು ಕಂಪ್ಯೂಟರು.

ಆವತ್ತು ಮಧ್ಯಾಹ್ನವೇ ಲ್ಯಾಪ್‌ಟಾಪ್ ಹುಡುಕಲು ಕುಳಿತೆ. ನಮಗೆ ಬೇಕಾದ ಹಾಗೆ ಕಟ್ಟಿಸಿ ಕಳಿಸುವ ಒಂದು ಕಂಪನಿಯ ವೆಬ್‌ಸೈಟು ಸಿಕ್ಕಿತು. ಬೇರೆ ಅಂಗಡಿಯಲ್ಲಾದರೆ ಇದ್ದದ್ದನ್ನು ಕೊಡುತ್ತಾರೆ. ಇಲ್ಲಿ ಹೋಟೆಲಿನಲ್ಲಿ ದೋಸೆಗೆ ಹೇಳಿದ ಹಾಗೆ ಪ್ರತಿಯೊಂದನ್ನೂ ಹೇಳಬೇಕು. ಪರದೆ ಯಾವುದು, ಗ್ರಾಫಿಕ್ಸ್ ಯಾವುದು, ಮೆಮೊರಿ ಎಷ್ಟು. ಪರದೆಗೆ ಮೂರು ಆಯ್ಕೆ ಇದ್ದವು. ಫುಲ್ ಎಚ್‌ಡಿ, ಅದಕ್ಕಿಂತ ಮೇಲಿನದೊಂದು, ಎಲ್ಲಕ್ಕಿಂತ ಮೇಲೆ ಫೋರ್‌ಕೆ. ರೆಸಲ್ಯೂಶನ್, ಅಂದರೆ ಪರದೆಯ ಚುಕ್ಕಿ, ಜಾಸ್ತಿಯಾದಷ್ಟೂ ಅಕ್ಷರ ದೊಡ್ಡದಾಗಿ ಕಾಣುತ್ತದೆ ಎಂದು ನಾನು ಯಾರನ್ನೂ ಕೇಳದೆ, ಎಲ್ಲೂ ಓದದೆ, ಸ್ವಂತ ಬುದ್ಧಿಯಿಂದಲೇ ನಂಬಿದ್ದೆ. ಚುಕ್ಕಿ ಜಾಸ್ತಿ ಇದ್ದರೆ ರಂಗೋಲಿ ದೊಡ್ಡದಾಗುವುದಿಲ್ಲವೇ, ಹಾಗೆ. ಅದೇ ಜಾಗದಲ್ಲಿ ನಾಲ್ಕು ಪಟ್ಟು ಚುಕ್ಕಿ ತುರುಕಿದರೆ ರಂಗೋಲಿ ಸಣ್ಣದಾಗುತ್ತದೆ ಎಂಬುದು ಹೊಳೆಯಲಿಲ್ಲ. ಕಣ್ಣಿನ ಡಾಕ್ಟರ ಬಳಿ ಹೋಗದೆ ಕಣ್ಣಿನ ಸಮಸ್ಯೆ ಬಗೆಹರಿಯುವ ದಾರಿ ಸಿಕ್ಕಿತು ಎಂದು ಫೋರ್‌ಕೆ ಒತ್ತಿಯೇಬಿಟ್ಟೆ.

ಗ್ರಾಫಿಕ್ಸಿನ ವಿಷಯಕ್ಕೆ ಬಂದರೆ ನನಗೆ ಸಂಶಯವೇ ಇರಲಿಲ್ಲ. ಗ್ರಾಫಿಕ್ಸ್ ಅಂದರೆ ಗಣಪತಿ, ಕಳಸ, ಬಾಳೆಕಂಬ, ಮಾವಿನ ತೋರಣ, ಓಲಗದವರು. ಇಪ್ಪತ್ತಾರು ವರ್ಷದಲ್ಲಿ ಕೂಡಿಹಾಕಿದ ಗಣಪತಿಗಳೇ ಮುನ್ನೂರ ಹನ್ನೆರಡು ಇದ್ದವು. ಅಷ್ಟನ್ನೂ ಇಡಲು ದೊಡ್ಡ ಗ್ರಾಫಿಕ್ಸೇ ಬೇಕು.

ಆರ್ಡರ್ ಮಾಡಿದ ಮರುದಿನ ಕಂಪನಿಯಿಂದ ಒಬ್ಬರು ಫೋನ್ ಮಾಡಿದರು. ಪಾಪ, ತುಂಬಾ ತಾಳ್ಮೆಯ ಮನುಷ್ಯ.

"ಮೇಡಂ, ಕಾನ್ಫಿಗರೇಶನ್ ಒಂದ್ಸಲ ಕನ್ಫರ್ಮ್ ಮಾಡ್ಕೋತೀನಿ. ಯಾವ್ ಕೆಲ್ಸಕ್ಕೆ ತಗೋತಾ ಇದೀರಿ? ಗೇಮಿಂಗಾ, ವಿಡಿಯೋ ಎಡಿಟಿಂಗಾ, ತ್ರೀಡಿನಾ?"

"ಗ್ರಾಫಿಕ್ಸು," ಅಂದೆ.

"ಹೆವಿ ಗ್ರಾಫಿಕ್ಸಾ ಮೇಡಂ?"

"ಹೆವಿನೇ. ಒಂದೊಂದು ದಿನ ಐದಾರು ಕಾರ್ಡ್ ಮಾಡ್ತೀನಿ."

"ಮೇಡಂ, ಒಂದ್ ಲ್ಯಾಪ್‌ಟಾಪಿಗೆ ಒಂದೇ ಕಾರ್ಡ್ ಬರೋದು."

"ಒಂದಾದ್ಮೇಲೆ ಒಂದು ಮಾಡ್ಕೋತೀನಿ ಬಿಡಿ," ಅಂದೆ.

ಅವರಿಗೆ ಏನು ಅರ್ಥವಾಯಿತೋ, ಕೆಮ್ಮಿ ಮುಂದಕ್ಕೆ ಹೋದರು. "ಸ್ಕ್ರೀನು ಫೋರ್‌ಕೆ ಹಾಕಿದೀರ. ಟೈಪಿಂಗ್ ಕೆಲ್ಸನೂ ಇದ್ರೆ ಫುಲ್ ಎಚ್‌ಡಿನೇ ಸಾಕು ಮೇಡಂ. ಹದಿನಾರು ಇಂಚಲ್ಲಿ ಫೋರ್‌ಕೆ ಅಂದ್ರೆ ಹಳೇ ಸಾಫ್ಟ್‌ವೇರಲ್ಲಿ ಅಕ್ಷರ ಸ್ವಲ್ಪ..."

"ನಂಗೊತ್ತು," ಅಂದೆ. "ಇಪ್ಪತ್ತಾರ್ ವರ್ಷದಿಂದ ಇದೇ ಫೀಲ್ಡಲ್ಲಿದೀನಿ."

ಆ ವಾಕ್ಯವನ್ನು ಅವರು ಮುಗಿಸಲು ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಲ್ಯಾಪ್‌ಟಾಪ್ ಬಂದಾಗ ಭೈರೇಶ್ ಮೊದಲು ಎತ್ತಿ ನೋಡಿದ್ದು ಇಟ್ಟಿಗೆಯಷ್ಟಿದ್ದ ಅದರ ಚಾರ್ಜರನ್ನು. "ಇದರಲ್ಲಿ ಗೋಡೆ ಕಟ್ಬೋದು," ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಆನ್ ಮಾಡಿದೆ. ಬಣ್ಣಗಳೇನೋ ಬಲು ಚೆಂದ. ನನ್ನ ಹಳೆಯ ಸಾಫ್ಟ್‌ವೇರ್ ಹಾಕಿ ತೆರೆದರೆ ಅಕ್ಷರಗಳು ದೊಡ್ಡದಾಗಿಯೇ ಇದ್ದವು, ಆದರೆ ನೀರು ಬಿದ್ದ ಶಾಯಿಯ ಹಾಗೆ ಕಲಸಿಕೊಂಡಿದ್ದವು. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಪರದೆಯ ಅಳತೆ ಇನ್ನೂರೈವತ್ತು ಪರ್ಸೆಂಟಿಗೆ ಇಟ್ಟಿರುತ್ತಾರೆ, ನೂರಕ್ಕೆ ಇಳಿಸಿದರೆ ಫೋರ್‌ಕೆಯ ಪೂರ್ತಿ ಸ್ಪಷ್ಟತೆ ಸಿಗುತ್ತದೆ ಎಂದು ಯಾರೋ ಬರೆದಿದ್ದರು. ಇಳಿಸಿದೆ.

ಸ್ಪಷ್ಟತೆ ಸಿಕ್ಕಿತು. ಅಕ್ಷರಗಳು ಸಕ್ಕರೆ ಡಬ್ಬಿಯ ಕಡೆ ಹೊರಟ ಇರುವೆಗಳಷ್ಟಾದವು. ಮೆನು ಎಲ್ಲಿದೆ ಎಂದು ಬಾಣದ ಗುರುತು ಹಿಡಿದುಕೊಂಡು ಮೇಲೆ ಕೆಳಗೆ ತಡಕಾಡಿದೆ. ಬಾಣವೇ ಕಳೆದುಹೋಯಿತು. ಹಿಂದೆ ನಿಂತಿದ್ದ ಭೈರೇಶ್ "ಎಲ್ಲಾ ಸರಿ ಕಾಣ್ತಾ ಇದೆಯಾ?" ಎಂದು ಕೇಳಿದರು. ಅದರ ಬೆಲೆ ಕೇಳಿ ಒಂದು ವಾರ ಮಾತಾಡದೆ ಇದ್ದ ಮನುಷ್ಯ ಅವರು. ಅವರ ಮುಂದೆ ಇಲ್ಲ ಎನ್ನುವುದು ಹೇಗೆ? "ಎರಡು ಪುಟ ಒಟ್ಟಿಗೇ ಕಾಣ್ತವೆ ನೋಡಿ," ಅಂದೆ. ಅದೂ ನಿಜ. ಎರಡು ಪುಟ ಕಾಣುತ್ತಿದ್ದವು. ಪುಟದಲ್ಲಿ ಏನಿದೆ ಎಂಬುದು ಕಾಣುತ್ತಿರಲಿಲ್ಲ.

ಸೋಮವಾರದಿಂದ ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ನಾಗರಬಾವಿಗೆ ಹೋಗತೊಡಗಿದೆ. ಜಗದಾಂಬಾ ಅಮ್ಮ ಹಜಾರದ ಮರದ ಕುರ್ಚಿಯಲ್ಲಿ ಕಾಲು ಮಡಚಿ ಕೂರುತ್ತಿದ್ದರು. ನನ್ನ ಕಡೆ ನೋಡುವಾಗ ಮುಖವನ್ನು ಬೇರೆ ಕಡೆ ತಿರುಗಿಸುತ್ತಿದ್ದರು. ಮೊದಲ ದಿನವೇ ಅದಕ್ಕೆ ಕಾರಣ ಹೇಳಿಬಿಟ್ಟರು.

"ನೀ ತಪ್ಪು ತಿಳ್ಕೋಬ್ಯಾಡ ತಂಗಿ. ನಟ್ಟನಡುವ ಒಂದು ಕರಿ ಮಚ್ಚಿ ಐತಿ, ಸುತ್ತ ಅಷ್ಟ ಕಾಣ್ತೈತಿ. ನಿನ್ನ ಮಾರಿ ನೋಡಬೇಕಂದ್ರ ನಾ ಬಾಗಿಲಾ ನೋಡಬೇಕು."

ಎಷ್ಟು ಸಲೀಸಾಗಿ ಹೇಳಿದರೆಂದರೆ, ಪಕ್ಕದ ಮನೆಯವರ ನೀರಿನ ಟ್ಯಾಂಕಿನ ಬಗ್ಗೆ ಮಾತಾಡಿದ ಹಾಗಿತ್ತು. ನಾನು ಅಯ್ಯೋ ಪಾಪ ಎಂಬ ಮುಖ ಮಾಡಿಕೊಂಡೆ. ಮಾಡಿಕೊಂಡ ಮೇಲೆ, ಇವರಿಗೆ ಅದು ಕಾಣುವುದಿಲ್ಲವಲ್ಲ ಎಂದು ಬಿಟ್ಟುಬಿಟ್ಟೆ.

ಲ್ಯಾಪ್‌ಟಾಪ್ ಆನ್ ಮಾಡಿದ ಹತ್ತು ನಿಮಿಷಕ್ಕೆ ಅದರೊಳಗಿನ ಫ್ಯಾನು ಗುಂಯ್ ಎನ್ನತೊಡಗಿತು. ಜಗದಾಂಬಾ ಅಮ್ಮ ಅಡುಗೆಮನೆಯ ಕಡೆಗೆ ಕೂಗಿದರು, "ವಚನಾ, ಮಿಕ್ಸಿ ಬಂದ್ ಮಾಡವಾ. ಹೇಳೂದು ಕೇಳಂಗಿಲ್ಲ."

"ಅದು ಮಿಕ್ಸಿ ಅಲ್ಲಮ್ಮ, ನನ್ನ ಗ್ರಾಫಿಕ್ಸು," ಎಂದೆ ನಾನು.

ಮಾತು ಮಾತ್ರ ನೀರಿನ ಹಾಗೆ ಹರಿಯುತ್ತಿತ್ತು. ಅಗಸಿ ಚಟ್ನಿಪುಡಿ, ನಾವು ಹುಚ್ಚೆಳ್ಳು ಎನ್ನುವ ಗುರೆಳ್ಳಿನ ಪುಡಿ, ಕೆಂಪು ಮೆಣಸಿನಕಾಯಿಯ ರಂಜಕ, ಕುಂಬಳಕಾಯಿ ಸಂಡಿಗೆ. ಯಾವುದನ್ನೂ ನೆನಪಿಸಿಕೊಳ್ಳಲು ನಿಲ್ಲುತ್ತಿರಲಿಲ್ಲ. ನಾನೂ ಕೀಲಿಮಣೆ ನೋಡದೆ ಟೈಪ್ ಮಾಡುವವಳು, ಪರದೆಯನ್ನಂತೂ ನೋಡಿ ಪ್ರಯೋಜನವಿರಲಿಲ್ಲ. ಅವರು ಬಾಗಿಲನ್ನು ನೋಡುತ್ತಾ ಹೇಳುವುದು, ನಾನು ಕಿಟಕಿಯನ್ನು ನೋಡುತ್ತಾ ಬರೆಯುವುದು. ಹನ್ನೆರಡು ದಿನ ಹೀಗೇ ನಡೆಯಿತು. ಪ್ರತಿದಿನ ಮನೆಗೆ ಬಂದ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಕೂತು ತಪ್ಪು ತಿದ್ದುತ್ತಿದ್ದೆ. ಪುಟವನ್ನು ದೊಡ್ಡದು ಮಾಡಿಕೊಂಡು ನೋಡಬಹುದಿತ್ತು. ಆದರೆ ದೊಡ್ಡದು ಮಾಡುವ ಗುಂಡಿ ಎಲ್ಲಕ್ಕಿಂತ ಸಣ್ಣದಿತ್ತು.

ಹದಿಮೂರನೆಯ ದಿನ ಹತ್ತು ಪುಟ ಮಾದರಿಗೆಂದು ಪ್ರಿಂಟ್ ತೆಗೆದು ವಚನಾ ಅವರ ಕೈಗೆ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಹೋದಾಗ ಜಗದಾಂಬಾ ಅಮ್ಮ ಟೈಪಿಂಗ್ ಶುರು ಮಾಡಿಸಲಿಲ್ಲ. ವಚನಾ ಒಂದು ತಟ್ಟೆಯಲ್ಲಿ ಜೋಳದ ರೊಟ್ಟಿ, ಅದರ ಮೇಲೆ ಗುರೆಳ್ಳು ಪುಡಿ, ಎಣ್ಣೆ ಹಾಕಿ ತಂದಿಟ್ಟರು.

"ತಿನ್ನು," ಅಂದರು ಅಮ್ಮ.

ಒಂದು ತುತ್ತು ಬಾಯಿಗಿಟ್ಟೆ. ಮರೀನಾ ಬೀಚಿನಲ್ಲಿ ಅಲೆ ಬಂದು ಹೊಡೆದಾಗ ಬಾಯಿಗೆ ಹೋದ ಉಪ್ಪುನೀರು ನೆನಪಾಯಿತು. ಕಷ್ಟಪಟ್ಟು ನುಂಗಿದೆ.

"ಹೆಂಗೈತಿ?"

"ಚೆನ್ನಾಗಿದೆ ಅಮ್ಮ."

"ಸುಳ್ಳು ಹೇಳಬ್ಯಾಡ. ನಿನ್ನೆ ನಾನೂ ತಿಂದೇನಿ. ನೀ ಬರೆದಿದ್ದ ನೋಡಿ ಇಕಿ ಮಾಡ್ಯಾಳ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಪುಟ ತಗದು ಒಮ್ಮೆ ಓದು ನೋಡೂಣು."

ಲ್ಯಾಪ್‌ಟಾಪ್ ತೆರೆದೆ. ಗುರೆಳ್ಳು ಪುಡಿ ಐದನೇ ಪುಟದಲ್ಲಿ ಎಡಗಡೆ ಇದೆ ಎಂಬುದು ಗೊತ್ತಿತ್ತು. ಅಲ್ಲಿ ಒಂದಿಷ್ಟು ಇರುವೆಗಳೂ ಇದ್ದವು. ಗಂಟಲು ಸರಿಮಾಡಿಕೊಂಡು ಓದಿದೆ. "ಗುರೆಳ್ಳು ಒಂದು ಪಾವು. ಒಣಮೆಣಸಿನಕಾಯಿ ಒಂಬತ್ತು. ಬೆಳ್ಳುಳ್ಳಿ ಒಂದು ಗಡ್ಡೆ. ಉಪ್ಪು ಮೂರು ಚಮಚ."

ವಚನಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಇಲ್ಲಿ ಉಪ್ಪೂ ಒಂಬತ್ತು ಅಂತ ಇದೆಯಲ್ಲ ಕುಸುಮಾ ಅವರೇ."

ಜಗದಾಂಬಾ ಅಮ್ಮ ನಿಧಾನವಾಗಿ ಮುಖವನ್ನು ಬಾಗಿಲ ಕಡೆ ತಿರುಗಿಸಿದರು. ಅಂದರೆ ನನ್ನನ್ನು ನೋಡಿದರು.

"ನೀ ಓದಾಕ ಹತ್ತಿದ್ದಿಲ್ಲ, ನೆನಪಿಲೆ ಹೇಳಾಕ ಹತ್ತಿದ್ದಿ. ನಿನಗೂ ಕಾಣಂಗಿಲ್ಲೇನು ತಂಗಿ?"

"ಹಂಗೇನಿಲ್ಲಮ್ಮ. ಇಲ್ಲಿ ಸ್ವಲ್ಪ ಬೆಳಕು ಕಮ್ಮಿ."

"ಟ್ಯೂಬ್‌ಲೈಟ್ ಹತ್ತೇತಿ," ಅಂದರು ಅವರು. "ಅದು ನನಗೂ ಕಾಣ್ತೈತಿ."

ಐವತ್ತೊಂದು ವರ್ಷದಲ್ಲಿ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿಯನ್ನೇ ಮತ್ತೆ ಮುರಿದು ಬಾಯಿಗೆ ಹಾಕಿಕೊಂಡೆ, ಶಿಕ್ಷೆಯ ಹಾಗೆ. ವಚನಾ ತಟ್ಟೆಯನ್ನು ಎಳೆದುಕೊಂಡು ಒಳಗೆ ಹೋದರು. ಆಮೇಲೆ ಎಲ್ಲವನ್ನೂ ಹೇಳಿದೆ. ಟ್ಯೂಬ್‌ಲೈಟು, ಚಾಳೀಸು, ಫೋರ್‌ಕೆ, ನಮ್ಮತ್ತೆಯ ದಾರ. ಹೇಳುತ್ತಾ ಹೋದ ಹಾಗೆ ನನಗೇ ನಗು ಬಂತು, ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು.

ಜಗದಾಂಬಾ ಅಮ್ಮ ನಗಲಿಲ್ಲ. "ನಾನೂ ಮುಚ್ಚಿಟ್ಟಿದ್ದೆ," ಅಂದರು. "ರಿಟೈರ್ ಆಗೂ ಮುಂದ. ಹಾಜರಿ ಪುಸ್ತಕ ಕಾಣ್ತಿದ್ದಿಲ್ಲ, ನಲವತ್ತೆರಡು ಹೆಸರು ಬಾಯಿಪಾಠ ಮಾಡಿದ್ದೆ. ಮಕ್ಕಳು ಎಸ್ ಟೀಚರ್ ಅಂತಿದ್ವು, ನಾ ಗೀಟು ಹಾಕ್ತಿದ್ದೆ. ನರಸಮ್ಮ ಅಂತ ಒಬ್ಬಾಕಿ ಸಾಲಿ ಬಿಟ್ಟು ಹೋಗಿ ಒಂದು ತಿಂಗಳಾಗಿತ್ತು. ಹುಡುಗೀರು ಚೇಷ್ಟಿಗೆ ಆಕಿ ಹೆಸರಿಗೂ ಎಸ್ ಅಂತಿದ್ವು. ಇನ್ಸ್‌ಪೆಕ್ಟರು ಬಂದಾಗ ಇಲ್ಲದ ಹುಡುಗಿ ದಿನಾ ಹಾಜರ." ಮಡಚಿದ ಕಾಲು ಬದಲಿಸಿಕೊಂಡು ಹೇಳಿದರು, "ನಾ ದವಾಖಾನಿಗೆ ಹೋಗೂದು ತಡ ಆತು. ಮೊದಲ ಹೋಗಿದ್ರ ಇನ್ನೂ ಸ್ವಲ್ಪ ಉಳೀತಿತ್ತು ಅಂದ್ರು ಡಾಕ್ಟರು. ನಿನ್ನದು ಬರೇ ಚಾಳೀಸು ಇರಬೇಕು. ಇವತ್ತ ಹೋಗು."

ಅವತ್ತೇ ಹೋದೆ. ವಿಜಯನಗರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿದ ಹೆಣ್ಣುಮಗಳು ಗಾಜು ಹಾಕುತ್ತಾ ತೆಗೆಯುತ್ತಾ, ಕೊನೆಗೆ ಕೇಳಿದಳು, "ಆಂಟಿ, ಇದು ಐದು ವರ್ಷದ ಹಿಂದೆನೇ ಹಾಕ್ಬೇಕಿತ್ತು. ಇಲ್ಲಿವರ್ಗೂ ಹೆಂಗ್ ಮ್ಯಾನೇಜ್ ಮಾಡಿದ್ರಿ?"

"ಅಂದಾಜಲ್ಲಿ," ಅಂದೆ.

ಹೊಸ ಕನ್ನಡಕ ಹಾಕಿಕೊಂಡು ಮೊದಲು ಕಂಡದ್ದು ನನ್ನ ಅಂಗಡಿಯ ಧೂಳು. ಆಮೇಲೆ ಜಗದಾಂಬಾ ಅಮ್ಮನ ಪುಸ್ತಕ. ಅರವತ್ತು ಪುಟದಲ್ಲಿ ಎಂಬತ್ಮೂರು ತಪ್ಪಿದ್ದವು. ಹಳೆಯ ಪ್ರತಿಯನ್ನು ತೆರೆದು ಹೋಲಿಸಿದಾಗ ಇನ್ನೊಂದು ಗೊತ್ತಾಯಿತು. ಉಪ್ಪು ಮೂರು ಚಮಚ ಎಂದು ನಾನು ಮೊದಲು ಸರಿಯಾಗಿಯೇ ಹೊಡೆದಿದ್ದೆ. ಮನೆಗೆ ಬಂದು ತಿದ್ದುವಾಗ ಸಾಲು ತಪ್ಪಿ, ಮೆಣಸಿನಕಾಯಿಯ ಒಂಬತ್ತನ್ನು ಉಪ್ಪಿಗೂ ಹಾಕಿದ್ದೆ. ಎಂಬತ್ಮೂರರಲ್ಲಿ ಎಪ್ಪತ್ತು ಅಂಥವೇ. ಬೆರಳು ಸರಿ ಬರೆದದ್ದನ್ನು ಕಣ್ಣು ಕೂತು ಕೆಡಿಸಿತ್ತು.

ಅದು ಅಲ್ಲಿಗೇ ನಿಲ್ಲಲಿಲ್ಲ. ಗಿರಾಕಿಗಳಿಗೆ ತೋರಿಸಲು ನಾನು ಮಾಡಿದ ಕಾರ್ಡುಗಳನ್ನೆಲ್ಲ ಒಂದು ಆಲ್ಬಮ್ಮಿನಲ್ಲಿ ಅಂಟಿಸಿಟ್ಟಿದ್ದೇನೆ. ಅದನ್ನು ತಿರುವುತ್ತಾ ಹೋದೆ. ಎರಡು ವರ್ಷದ ಹಿಂದೆ ಮೂರನೇ ಕ್ರಾಸಿನ ಗುರುದೇವಿಯವರ ಮಗಳ ಮದುವೆಗೆ ಮಾಡಿದ ಕಾರ್ಡು. ವಧುವಿನ ಹೆಸರು ಶಿವರಂಜನಿ. ಬಂಗಾರದ ಅಕ್ಷರದಲ್ಲಿ ನಾನು ಶಿವರಜನಿ ಎಂದು ಹಾಕಿದ್ದೆ. ರ ಪಕ್ಕದ ಸೊನ್ನೆಯೇ ಇರಲಿಲ್ಲ.

ಸಂಜೆ ಅವರ ಮನೆಗೆ ನಡೆದುಕೊಂಡು ಹೋದೆ. ಗುರುದೇವಿ ಗೇಟಿನ ಬಳಿ ಹೂವು ಕೊಳ್ಳುತ್ತಿದ್ದರು. ಕಾರ್ಡು ತೋರಿಸಿ, "ಇದನ್ನ ಇವತ್ತು ನೋಡ್ದೆ. ಕ್ಷಮಿಸ್ಬೇಕು," ಅಂದೆ.

"ಅಯ್ಯೋ, ನಮಗೆ ಅವತ್ತೇ ಗೊತ್ತಾಯ್ತು," ಅಂದರು ಅವರು. "ಒಳಗೆ ಬನ್ನಿ, ಕಾಫಿ ಕುಡಿಯೋಣ."

"ಹೇಳೋದಲ್ವಾ? ಮತ್ತೆ ಪ್ರಿಂಟ್ ಹಾಕ್ಸ್ಕೊಡ್ತಿದ್ದೆ."

"ನಿಮಗೆ ಬೇಜಾರಾಗತ್ತೆ ಅಂತ ಯಜಮಾನ್ರು ಬೇಡ ಅಂದ್ರು. ನಾವೆಲ್ಲಾ ಕೂತ್ಕೊಂಡು ಗೋಲ್ಡ್ ಪೆನ್ನಲ್ಲಿ ಸೊನ್ನೆ ಹಾಕಿದ್ವಿ. ನಾನೂರು ಕಾರ್ಡು. ಮದುಮಗಳೂ ಹಾಕಿದ್ಲು. ಮಜವಾಗಿತ್ತು." ಆಮೇಲೆ ದನಿ ತಗ್ಗಿಸಿ, "ಕನ್ನಡಕ ಚೆನ್ನಾಗಿದೆ. ನಮ್ಮ ಬೀದೀಲಿ ಎಲ್ರೂ ಕಾಯ್ತಾ ಇದ್ರು, ಯಾವಾಗ ಹಾಕ್ಕೋತಾರೆ ಅಂತ," ಎಂದರು.

ಎಲ್ಲರಿಗೂ ಗೊತ್ತಿತ್ತು. ನಾನು ಮುಚ್ಚಿಟ್ಟದ್ದು ನನ್ನೊಬ್ಬಳಿಂದ ಮಾತ್ರ. ಆ ಕಾಫಿ ಕುಡಿಯುವಷ್ಟರಲ್ಲಿ ಬೀದಿಯ ಇನ್ನೂ ಎಷ್ಟು ಮನೆಯವರು ನನ್ನ ಕಾರ್ಡುಗಳನ್ನು ಪೆನ್ನು ಹಿಡಿದು ತಿದ್ದಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಲ್ಯಾಪ್‌ಟಾಪಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕಂಪನಿಯ ಆ ತಾಳ್ಮೆಯ ಮನುಷ್ಯನಿಗೆ ನಾನೇ ಫೋನ್ ಮಾಡಿ, "ನೀವು ಅವತ್ತು ಹೇಳ್ತಾ ಇದ್ದದ್ದು ಪೂರ್ತಿ ಹೇಳಿ, ನಂಗೆ ಗೊತ್ತಿಲ್ಲ," ಅಂದೆ. ಆ ಎರಡು ಪದಗಳನ್ನು ಹೇಳುವಾಗ ನಾಲಿಗೆ ಸ್ವಲ್ಪ ತೊಡರಿತು. ಅವರು ಹೇಳಿದ ಹಾಗೆ ರೆಸಲ್ಯೂಶನ್ನನ್ನು ಅರ್ಧಕ್ಕೆ ಇಳಿಸಿದೆ. ಅಂದರೆ ಬೇಡ ಎಂದು ಬಿಟ್ಟ ಅಗ್ಗದ ಪರದೆಯ ಮಟ್ಟಕ್ಕೆ. ಅಕ್ಷರ ಈಗ ಅಕ್ಷರದ ಹಾಗೇ ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡು ಅನ್ನುವುದು ಗೇಮು, ವಿಡಿಯೋದವರಿಗೆ ಬೇಕಾಗುವ ಒಂದು ಭಾಗವಂತೆ, ಅದಕ್ಕೆ ನನ್ನಿಂದ ಯಾವ ಕೆಲಸವೂ ಇಲ್ಲವಂತೆ. ಅದನ್ನೂ ಅವರು ಹೇಳಿಕೊಟ್ಟ ಹಾಗೆ ಮಲಗಿಸಿದ್ದೇನೆ. ಫ್ಯಾನಿನ ಸದ್ದು ನಿಂತಿದೆ. ಗಣಪತಿಗಳು ಇರುವುದು ಬೇರೆಲ್ಲೋ, ಹಾರ್ಡ್‌ಡಿಸ್ಕಿನ ಒಂದು ಮೂಲೆಯಲ್ಲಿ. ಭೈರೇಶ್‌ಗೆ ಇದಿಷ್ಟನ್ನೂ ಒಪ್ಪಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, "ಹಳೇ ಟ್ಯೂಬ್‌ಲೈಟ್ ಎಲ್ಲಾ ಚೆನ್ನಾಗಿಯೇ ಇದ್ವಾ ಹಂಗಾದ್ರೆ?"

ಪುಸ್ತಕ ಯುಗಾದಿಗೆ ಮುಂಚೆ ಅಚ್ಚಾಯಿತು. ಈ ಸಲ ಪ್ರತಿ ಪುಟವನ್ನೂ ಜಗದಾಂಬಾ ಅಮ್ಮನಿಗೆ ಓದಿ ಹೇಳಿದೆ, ನಿಜವಾಗಿ ಓದಿದೆ. ನಡುನಡುವೆ ಪರೀಕ್ಷೆಗೆಂದು ಅವರು ಬೇಕೆಂದೇ ತಪ್ಪು ಅಳತೆ ಹೇಳಿ, ನಾನು ಇಲ್ಲ ಎನ್ನುತ್ತೇನೋ ಇಲ್ಲವೋ ಎಂದು ಕಾಯುತ್ತಿದ್ದರು. ಅಕ್ಷರ ಹದಿನೆಂಟು ಪಾಯಿಂಟು ಇರಬೇಕು, ವಯಸ್ಸಾದವರೇ ಪುಡಿ ಮಾಡುವವರು ಎಂದು ಹಟ ಹಿಡಿದರು. ಹಾಗಾಗಿ ಅರವತ್ತು ಪುಟದ್ದು ನೂರ ನಲವತ್ತು ಪುಟವಾಯಿತು.

ಮೊದಲ ಪ್ರತಿಯನ್ನು ಕೈಗೆ ಕೊಟ್ಟಾಗ ಅವರು ಮೊದಲ ಪುಟ ತೆರೆದು ಅದನ್ನು ಮುಖದ ಒಂದು ಪಕ್ಕಕ್ಕೆ, ಕಿವಿಯ ಹತ್ತಿರ ಹಿಡಿದುಕೊಂಡರು. ಬಾಗಿಲ ಕಡೆ ನೋಡುತ್ತಾ ಬಹಳ ಹೊತ್ತು ಹಾಗೇ ಇದ್ದರು. ತುಟಿ ಅಲುಗುತ್ತಿತ್ತು.

"ಅ, ಗ, ಸಿ," ಅಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಹಾಳಿ ಸ್ವಲ್ಪ ದಪ್ಪ ಆಗೈತಿ ತಂಗಿ. ಮಡಚಿದ್ರ ನಿಂದ್ರಂಗಿಲ್ಲ," ಎಂದು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಿಂದ ಅದರ ಅಂಚನ್ನು ಸವರುತ್ತಾ ಕುಳಿತರು.